ಹಳೆಯ ಚೀಟಿಯನ್ನು ಎಸೆಯಬೇಡಿ

ಮಾನ್ಯರೇ,

ಬಿ ಪಾಸಿಟಿವ್ ಗುಂಪಿನ ನಿಮ್ಮ ತಾಯಿಯವರಿಗೆ ಎರಡು ವರ್ಷಗಳ ಹಿಂದೆ ಅದೇ ಗುಂಪಿನ ರಕ್ತ ಕೊಟ್ಟ ಎಂಟನೆಯ ದಿನ ಜ್ವರ ಬಂದು, ಕಣ್ಣು ಹಳದಿಯಾಗಿ, ಏರಿದ್ದ ಹಿಮೋಗ್ಲೋಬಿನ್ ಮತ್ತೆ ಕುಸಿಯಿತೆಂದು ಬರೆದಿದ್ದೀರಿ. ಆಗಿನ ಚೀಟಿಯಲ್ಲಿ ‘ಆಂಟಿ-ಜೆಕೆಎ ಇದೆ’ (ಕೆಂಪುಕಣಗಳ ಮೇಲಿನ ‘ಜೆಕೆಎ’ ಎಂಬ ಗುರುತಿನ ಮೇಲೆ ದಾಳಿ ಮಾಡುವ ಪ್ರತಿಕಾಯವಿದೆ) ಎಂದಿದ್ದರೂ, ಈಗ ಶಸ್ತ್ರಚಿಕಿತ್ಸೆಗೆ ಮುನ್ನ ಇನ್ನೊಂದು ಆಸ್ಪತ್ರೆಯಲ್ಲಿ ‘ರಕ್ತ ಹೊಂದುತ್ತದೆ’ ಎಂದಿದ್ದಾರೆ. ಯಾವುದನ್ನು ನಂಬಬೇಕೆಂಬುದು ನಿಮ್ಮ ಪ್ರಶ್ನೆ.

ಹಳೆಯ ಚೀಟಿಯನ್ನೇ ನಂಬಬೇಕು. ಎ, ಬಿ, ಒ ಮತ್ತು ಆರ್‌ಎಚ್ ಅಲ್ಲದೆ ಕೆಲ್, ಡಫಿ, ಕಿಡ್ ಮೊದಲಾಗಿ 40ಕ್ಕೂ ಹೆಚ್ಚು ರಕ್ತಗುಂಪು ವ್ಯವಸ್ಥೆಗಳು ಇಂದು ಮಾನ್ಯವಾಗಿವೆ. ನಮ್ಮಲ್ಲಿಲ್ಲದ ಎ ಅಥವಾ ಬಿ ಪ್ರತಿಜನಕದ (ಕೆಂಪುಕಣದ ಮೇಲಿನ ಗುರುತಿನ) ವಿರುದ್ಧ ಪ್ರತಿಕಾಯಗಳು ಎಳವೆಯಿಂದಲೇ ಇರುತ್ತವೆ. ಜೆಕೆಎ ಸೇರಿರುವ ಕಿಡ್‌ನಂಥವುಗಳ ವಿರುದ್ಧ ಅವು ಹುಟ್ಟುವುದು ಸಾಮಾನ್ಯವಾಗಿ ಪರರ ರಕ್ತ ದೇಹ ಸೇರಿದಾಗ, ಇಲ್ಲವೇ ಬಸಿರಿನಲ್ಲಿ. ಎಂಟೇ ದಿನಕ್ಕೆ ತೊಂದರೆ ಕಾಣಿಸಿದ್ದನ್ನು ನೋಡಿದರೆ, ಇದರ ಬೀಜ ನಿಮ್ಮ ತಾಯಿಯವರ ಹಿಂದಿನ ಬಸಿರಿನಲ್ಲೇ ಬಿದ್ದಿರಬಹುದು. (1951ರಲ್ಲಿ ವರದಿಯಾದ ಕಿಡ್ ಗುಂಪಿನ ಹೆಸರೂ ಇಂಥದೇ ಪ್ರತಿಕಾಯವಿದ್ದ ಒಬ್ಬ ಬಾಣಂತಿಯದು.)

ಈ ಪ್ರತಿಕಾಯಗಳ ಕಪಟವಿರುವುದು ಅವು ಮರೆಯಾಗುವುದರಲ್ಲಿ. ತಿಂಗಳುಗಳು ಕಳೆದಂತೆ ಅವುಗಳ ಪ್ರಮಾಣ ಎಷ್ಟು ಇಳಿಯಬಹುದೆಂದರೆ, ಪ್ರತಿಕಾಯಗಳನ್ನು ಹುಡುಕುವ ಕೂಂಬ್ಸ್ ಪರೀಕ್ಷೆಯೂ ಸೇರಿದ, ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ನಲ್ಲೂ ಅವು ಸಿಕ್ಕಿಬೀಳುವುದಿಲ್ಲ. ‘ಹೊಂದುತ್ತದೆ’ ಎಂದ ತಂತ್ರಜ್ಞರು ಸುಳ್ಳು ಹೇಳಿಲ್ಲ. ಆದರೆ ಆ ಪ್ರತಿಕಾಯಗಳನ್ನು ತಯಾರಿಸಿದ ಬಿಳಿ ರಕ್ತಕಣಗಳ ನೆನಪು ಅಳಿಯುವುದಿಲ್ಲ. ಜೆಕೆಎ ಇರುವ ರಕ್ತ ಮತ್ತೆ ಒಳಸೇರಿದರೆ ಕೆಲವೇ ದಿನಗಳಲ್ಲಿ ಪ್ರತಿಕಾಯಗಳು ಉಕ್ಕಿ, ಕೊಟ್ಟ ಕೆಂಪುಕಣಗಳನ್ನು ಕೆಲವೊಮ್ಮೆ ರಕ್ತನಾಳದೊಳಗೇ ಒಡೆದು, ಮೂತ್ರಪಿಂಡಗಳಿಗೂ ಅಪಾಯ ತರಬಲ್ಲವು.

ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ತಾನಾಗಿ ತಲುಪುವ ವ್ಯವಸ್ಥೆ ನಮ್ಮಲ್ಲಿ ಬೇರೂರಿಲ್ಲ. ಆದ್ದರಿಂದ ಚೀಟಿಯ ಪ್ರತಿಯನ್ನು ಶಸ್ತ್ರಚಿಕಿತ್ಸಕರಿಗಷ್ಟೇ ಅಲ್ಲ, ರಕ್ತನಿಧಿಗೂ ಈಗಲೇ ಕೊಡಿ. ಒಮ್ಮೆ ಈ ಪ್ರತಿಕಾಯ ಪತ್ತೆಯಾದವರಿಗೆ, ಇಂದಿನ ಪರೀಕ್ಷೆ ಏನೇ ಹೇಳಲಿ, ಜೆಕೆಎ ಇಲ್ಲದ ರಕ್ತವನ್ನೇ ಆರಿಸಬೇಕೆಂಬುದು ರಕ್ತಪೂರಣದ ನಿಯಮ. ಸುಮಾರು ನಾಲ್ಕೈದು ದಾನಿಗಳಲ್ಲೊಬ್ಬರು ಅಂಥವರಿರುವುದರಿಂದ, 1952ರಲ್ಲಿ ಮುಂಬಯಿಯಿಂದ ವರದಿಯಾದ ಬಾಂಬೆ ಎಂಬ ಅತಿ ವಿರಳ ಗುಂಪಿನವರಿಗಾಗಿ ಅಲೆಯುವಂತೆ ಊರೂರು ಅಲೆಯಬೇಕಾಗದು. ಆದರೂ ಚೀಲಗಳನ್ನು ಪರೀಕ್ಷಿಸಿ ಆರಿಸಲು ಸಮಯ ಬೇಕು. ಹಿಂದಿನ ದಿನ ಸಂಜೆ ಹೇಳಿದರೆ ಸಾಲದು. ರಕ್ತ ಕೊಟ್ಟ ಮೇಲೆ ಎರಡು ವಾರ ತಾಯಿಯವರ ಕಣ್ಣಿನ ಮತ್ತು ಮೂತ್ರದ ಬಣ್ಣವನ್ನು ಗಮನಿಸುತ್ತಿರಿ. ಮೂತ್ರ ಕಪ್ಪಗಾದರೆ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

– ಸಂಪಾದಕ