ಶೇಪ್ ಎಳೆಯುವಾಗ ಸ್ಕ್ರಾಲ್ ಕೈಕೊಟ್ಟರೆ
ನಿಮ್ಮ ಬ್ರೌಸರ್ ಡ್ರಾಯಿಂಗ್ ಆ್ಯಪ್‌ನಲ್ಲಿ ಶೇಪನ್ನು ಕ್ಯಾನ್ವಾಸಿನ (ಚಿತ್ರ ಬಿಡಿಸುವ ಜಾಗದ) ಅಂಚಿಗೆ ಎಳೆದಾಗ ಅದು ಕರ್ಸರ್‌ನಿಂದ ಹಿಂದೆ ಬೀಳುತ್ತದೆ, ಮೌಸ್ ಅಲ್ಲಾಡಿಸದಿದ್ದರೆ ಸ್ಕ್ರಾಲೂ ನಿಲ್ಲುತ್ತದೆ ಅಂದಿರಿ, ಅಲ್ವಾ? ಎಲ್ಲವನ್ನೂ ಪಾಯಿಂಟರ್‌ಮೂವ್ ಇವೆಂಟಿನೊಳಗೇ (ಮೌಸ್ ಸರಿದಾಗ ಬ್ರೌಸರ್ ಕಳಿಸುವ ಸೂಚನೆ) ಮಾಡಿದ್ದೀರಿ ಅಂತ ಕಾಣುತ್ತದೆ. ಮೌಸ್ ಸುಮ್ನೆ ನಿಂತರೆ ಆ ಇವೆಂಟ್ ಬರುವುದೇ ಇಲ್ಲ.

ಆ ಇವೆಂಟಿನಲ್ಲಿ ಕರ್ಸರ್ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ, ಅಷ್ಟೇ ಸಾಕು. ಸ್ಕ್ರಾಲ್ ಮಾಡುವುದು, ಶೇಪಿನ ಜಾಗ ಲೆಕ್ಕ ಹಾಕುವುದು ಎರಡನ್ನೂ ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್ ಲೂಪಿಗೆ, ಅಂದರೆ ಪರದೆಯ ಪ್ರತಿ ಫ್ರೇಮಿಗೂ ಒಮ್ಮೆ ಓಡುವ ಕೋಡಿಗೆ, ಹಾಕಿ. ಕ್ಯಾನ್ವಾಸ್ 12 ಪಿಕ್ಸೆಲ್ ಸರಿದರೆ ಶೇಪಿಗೂ ಆ 12 ಸೇರಬೇಕು. ಜೂಮ್ 200% ಇದ್ದರೆ 12ನ್ನು 2ರಿಂದ ಭಾಗಿಸಿ, 6 ಮಾತ್ರ. ಈ ಭಾಗಾಕಾರ ಮರೆತು ನಾನೇ ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೆ.

ವೇಗವನ್ನು ಫ್ರೇಮಿಗಿಷ್ಟು ಅಂತ ಇಡಬೇಡಿ, ಸೆಕೆಂಡಿಗಿಷ್ಟು ಅಂತ ಇಡಿ. ಇಲ್ಲದಿದ್ದರೆ 144 ಹರ್ಟ್ಸ್ (ಸೆಕೆಂಡಿಗೆ 144 ಫ್ರೇಮ್) ಪರದೆಯಲ್ಲಿ 60ರದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಓಡುತ್ತದೆ. ಬಟನ್ ಬಿಟ್ಟಾಗ ಲೂಪ್ ನಿಲ್ಲಿಸಿ, ಪಾಯಿಂಟರ್‌ಕ್ಯಾನ್ಸಲ್ (ಬ್ರೌಸರ್ ಎಳೆತವನ್ನು ನಡುವೆಯೇ ರದ್ದು ಮಾಡಿದ ಸೂಚನೆ) ಬಂದಾಗಲೂ.