ಬರೆಯುವವರು ಇದ್ದಾರೆ ಮೇಷ್ಟ್ರೇ, ದಾರಿ ತಪ್ಪಿದೆ ಅಷ್ಟೇ

ಓದುಗರ ಪತ್ರ: "2009–10ರ ಹೊತ್ತಿನಲ್ಲಿ ಬೆಂಗಳೂರಿನ ಮಗನ ಮನೆಗೆ ಹೋದಾಗಲೆಲ್ಲ ಅವನ ಕಂಪ್ಯೂಟರಿನಲ್ಲಿ ಹತ್ತು ಹನ್ನೆರಡು ಕನ್ನಡ ಬ್ಲಾಗು ಓದುತ್ತಿದ್ದೆ. ಒಬ್ಬರು ಬಾವಿ ತೋಡಿಸಿದ ಕಥೆ ಬರೆದಿದ್ದರು. ಇನ್ನೊಬ್ಬರು ರಾತ್ರಿ ಬಸ್ಸಿನ ಪ್ರಯಾಣದ ಬಗ್ಗೆಯೇ ಬರೆಯುತ್ತಿದ್ದರು. ಅಮೆರಿಕದಲ್ಲಿದ್ದ ಒಬ್ಬ ಹೆಣ್ಣುಮಗಳು ಹಿಮ ಬೀಳುವ ಊರಿನಲ್ಲಿ ಸಂಡಿಗೆ ಒಣಗಿಸಿದ್ದನ್ನು ಬರೆದಿದ್ದರು. ಈಗ ಮೊಮ್ಮಗ ಫೋನ್ ಕೊಡಿಸಿದ್ದಾನೆ. ಎಷ್ಟು ಹುಡುಕಿದರೂ ವಿಡಿಯೋ, ಜಾಹೀರಾತು, ಒಂದೇ ಥರದ ಲೇಖನ. ಜನ ಬರೆಯುವುದನ್ನು ನಿಲ್ಲಿಸಿಬಿಟ್ಟರಾ? ಹೊಸದಾಗಿ ಬರೆಯುವವರನ್ನು ಎಲ್ಲಿ ಹುಡುಕಲಿ?"
ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಮನಸ್ಸಾಗಲಿಲ್ಲ. ಇದೇ ಪ್ರಶ್ನೆ ನನ್ನನ್ನೂ ಬಹಳ ದಿನದಿಂದ ಕಾಡುತ್ತಿತ್ತು.

ಜನ ಬರೆಯುವುದನ್ನು ನಿಲ್ಲಿಸಿಲ್ಲ. ಕೆಲವರು ನಿಲ್ಲಿಸಿದರು, ಕೆಲವರು ಫೇಸ್‌ಬುಕ್ಕಿಗೆ ಹೋದರು, ಕೆಲವರು ಇದ್ದಲ್ಲೇ ಇದ್ದು ಬರೆಯುತ್ತಿದ್ದಾರೆ. ಫೇಸ್‌ಬುಕ್ಕಿಗೆ ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಓದುವವರು ಎಲ್ಲಿದ್ದಾರೋ ಬರೆಯುವವರು ಅಲ್ಲಿಗೆ ಹೋಗುತ್ತಾರೆ. ಆದರೆ ಅಲ್ಲಿ ಬರೆದದ್ದು ಎರಡು ದಿನದಲ್ಲಿ ಕೆಳಗೆ ಹೋಗುತ್ತದೆ. ಐದು ವರ್ಷದ ಹಿಂದಿನ ಒಂದು ಒಳ್ಳೆಯ ಬರಹವನ್ನು ಈಗ ಅಲ್ಲಿ ಹುಡುಕಿ ತೆಗೆಯುವುದು ಬರೆದವರಿಗೇ ಕಷ್ಟ. ಬ್ಲಾಗಿನಲ್ಲಿ ಹಾಗಲ್ಲ. ವರ್ಷ, ತಿಂಗಳು ಅಂತ ಜೋಡಿಸಿಟ್ಟಿರುತ್ತದೆ, ನೀವು ಹಳೆಯ ಪತ್ರಗಳನ್ನು ದಾರಕ್ಕೆ ಕಟ್ಟಿಡುತ್ತೀರಲ್ಲ, ಹಾಗೆ.

ಇನ್ನು ಓದುವವರ ಕಡೆ ಆದ ಬದಲಾವಣೆ. ಆ ಕಾಲದಲ್ಲಿ ಬ್ಲಾಗು ಓದುವವರಲ್ಲಿ ಬಹಳ ಜನ ಒಂದೊಂದನ್ನೇ ತೆರೆದು ನೋಡುತ್ತಿರಲಿಲ್ಲ. 'ಫೀಡ್ ರೀಡರ್' ಎಂಬುದೊಂದು ಇತ್ತು. ನಮ್ಮ ಪತ್ರಿಕೆಗೆ ಚಂದಾ ಕಟ್ಟಿದರೆ ಸಂಚಿಕೆ ತಾನಾಗಿ ಮನೆಗೆ ಬರುತ್ತದಲ್ಲ, ಅದೇ ಲೆಕ್ಕ. ಬ್ಲಾಗಿನ ವಿಳಾಸವನ್ನು ಒಮ್ಮೆ ರೀಡರಿಗೆ ಕೊಟ್ಟರೆ ಸಾಕು. ಆ ಬ್ಲಾಗಿನಲ್ಲಿ ಹೊಸದೇನು ಬಂದರೂ ನಿಮ್ಮ ಮುಂದೆ ಬಂದು ಕೂರುತ್ತದೆ. ಹಣ ಕಟ್ಟಬೇಕಿಲ್ಲ, ಬರೆಯುವವರ ಅಪ್ಪಣೆಯೂ ಬೇಕಿಲ್ಲ. ಇದರ ಹಿಂದಿರುವ ಏರ್ಪಾಡಿಗೆ ಆರ್‌ಎಸ್‌ಎಸ್ ಅನ್ನುತ್ತಾರೆ (ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ). ಅದು ಹುಟ್ಟಿದ್ದು 1999ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. ಗೂಗಲ್ 2005ರ ಅಕ್ಟೋಬರಿನಲ್ಲಿ ತನ್ನದೇ 'ಗೂಗಲ್ ರೀಡರ್' ತಂದಾಗ ಬಹಳ ಜನ ಅದನ್ನೇ ನೆಚ್ಚಿಕೊಂಡರು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ಬೇರೆ ರೀಡರಿಗೆ ಹೋದವರು ಉಂಟು, ಆದರೆ ತುಂಬಾ ಜನ ಹೋಗಲೇ ಇಲ್ಲ. ಓದುಗರು ಕಡಿಮೆಯಾದರು, ಕಾಮೆಂಟ್ ಬರುವುದು ನಿಂತಿತು, ಬರೆಯುವವರಿಗೆ ಯಾರಿಗಾಗಿ ಬರೆಯುತ್ತಿದ್ದೇವೆ ಅನ್ನುವುದೇ ತಿಳಿಯದ ಹಾಗಾಯಿತು.

ಮುಚ್ಚಿದ್ದು ಆ ಒಂದು ರೀಡರ್ ಮಾತ್ರ. ಹೊಸ ಬರಹವನ್ನು ರೀಡರಿಗೆ ತಲುಪಿಸುವ ಫೀಡ್ ಇವತ್ತಿಗೂ ಇದೆ. ಬ್ಲಾಗು ಬರೆಯಲು ಜಾಗ ಕೊಡುವ ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್, ಈಚಿನ ಸಬ್‌ಸ್ಟ್ಯಾಕ್, ಎಲ್ಲವೂ ಅದನ್ನು ಹಣ ಕೇಳದೆ ಕೊಡುತ್ತಲೇ ಇವೆ. ನಿಮ್ಮದು ಆಂಡ್ರಾಯ್ಡ್ ಫೋನ್ ಆದರೆ 'ಫೀಡರ್' ಎಂಬ ಆಪ್ ಹಾಕಿಸಿಕೊಳ್ಳಿ. ಪಾಸ್‌ವರ್ಡ್, ಖಾತೆ ಯಾವುದೂ ಬೇಡ. ಐಫೋನ್ ಇದ್ದವರಿಗೆ 'ನೆಟ್‌ನ್ಯೂಸ್‌ವೈರ್' ಇದೆ, ಅದೂ ಉಚಿತ. ಫೀಡ್ಲಿ, ಇನೋರೀಡರ್ ಅಂತಲೂ ಇವೆ. ಬ್ಲಾಗಿನ ವಿಳಾಸವನ್ನು ಅಲ್ಲಿ ಅಂಟಿಸಿದರೆ ಫೀಡನ್ನು ಅದೇ ಹುಡುಕಿಕೊಳ್ಳುತ್ತದೆ. ಮೊಮ್ಮಗನಿಗೆ ಹತ್ತು ನಿಮಿಷದ ಕೆಲಸ. ಒಂದು ಮಾತು ಮಾತ್ರ ಮರೆಯಬೇಡಿ: ವಿಳಾಸಗಳನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಳ್ಳಿ. ಹಳೆಯ ಕಂಪ್ಯೂಟರ್ ಕೆಟ್ಟಾಗ ನಾನು ಅರವತ್ತಕ್ಕೂ ಜಾಸ್ತಿ ಬ್ಲಾಗುಗಳ ಪಟ್ಟಿ ಕಳೆದುಕೊಂಡೆ. ಅದರಲ್ಲಿ ಇಪ್ಪತ್ತು ಇವತ್ತಿಗೂ ಸಿಕ್ಕಿಲ್ಲ.

ಇಷ್ಟೂ ಆದದ್ದು ವಿಳಾಸ ಗೊತ್ತಿದ್ದವರನ್ನು ಓದುವ ಮಾತು. ನೀವು ಕೇಳಿದ್ದು ಗೊತ್ತಿಲ್ಲದವರನ್ನು ಹುಡುಕುವುದು ಹೇಗೆ ಅಂತ. ಅದಕ್ಕೆ ನನಗೆ ಕಂಡ ಒಳ್ಳೆಯ ದಾರಿ, ಗೊತ್ತಿರುವ ಒಂದು ಬ್ಲಾಗಿನಿಂದ ಹೊರಡುವುದು. ಹಿಂದೆ ಪ್ರತಿ ಬ್ಲಾಗಿನ ಪಕ್ಕದಲ್ಲೂ ಒಂದು ಪಟ್ಟಿ ಇರುತ್ತಿತ್ತು, ನೆನಪಿದೆಯಾ? 'ನಾನು ಓದುವ ಬ್ಲಾಗುಗಳು', 'ನೆರೆಹೊರೆ', 'ಗೆಳೆಯರ ಬಳಗ' ಅಂತ ಬಗೆಬಗೆಯ ಹೆಸರಿನಲ್ಲಿ. ಫೋನಿನಲ್ಲಿ ನಿಮಗೆ ಅದು ಕಾಣದಿರುವುದಕ್ಕೆ ಕಾರಣವಿದೆ. ಬ್ಲಾಗ್‌ಸ್ಪಾಟಿನ ಹಳೆಯ ವಿನ್ಯಾಸಗಳು ಚಿಕ್ಕ ಪರದೆಯಲ್ಲಿ ಪಕ್ಕದ ಪಟ್ಟಿಯನ್ನು ಮರೆಮಾಡುತ್ತವೆ. ಪುಟದ ತೀರಾ ಕೆಳಗೆ ಹೋಗಿ. ಅಲ್ಲಿ ಸಣ್ಣ ಅಕ್ಷರದಲ್ಲಿ 'ವ್ಯೂ ವೆಬ್ ವರ್ಷನ್' ಎಂದಿರುತ್ತದೆ. ಅದನ್ನು ಒತ್ತಿದರೆ ಕಂಪ್ಯೂಟರಿನಲ್ಲಿ ಕಾಣುವ ಹಾಗೆ ಪೂರ್ತಿ ಪುಟ ತೆರೆದುಕೊಳ್ಳುತ್ತದೆ, ಪಟ್ಟಿಯೂ ಬರುತ್ತದೆ.

ಆ ಪಟ್ಟಿಯಲ್ಲಿ ಒಂದು ವಿಶೇಷ ಇದೆ. ಬ್ಲಾಗ್‌ಸ್ಪಾಟಿನವರು ಕೊಟ್ಟ ಪಟ್ಟಿ ಸುಮ್ಮನೆ ಹೆಸರು ತೋರಿಸುವುದಿಲ್ಲ. ಯಾವ ಬ್ಲಾಗಿನಲ್ಲಿ ಕೊನೆಗೆ ಏನು ಬಂತು, ಎಷ್ಟು ದಿನವಾಯಿತು ಅನ್ನುವುದನ್ನೂ ಹೇಳುತ್ತದೆ, ಹೊಸದು ಮೇಲೆ ಬರುವಂತೆ. ಹೋದ ತಿಂಗಳು ನಾನೊಂದು ಬ್ಲಾಗಿಗೆ ಹೋದೆ. ಬರೆದವರು 2012ರಲ್ಲೇ ನಿಲ್ಲಿಸಿದ್ದಾರೆ. ಕೊನೆಯ ಬರಹ ಮಗಳನ್ನು ಶಾಲೆಗೆ ಸೇರಿಸಿದ ದಿನದ್ದು. ಆದರೆ ಪಕ್ಕದ ಪಟ್ಟಿ ಇನ್ನೂ ಕೆಲಸ ಮಾಡುತ್ತಿದೆ. ಮೂವತ್ತು ಹೆಸರಿನಲ್ಲಿ ಇಪ್ಪತ್ತೈದು 'ಹತ್ತು ವರ್ಷದ ಹಿಂದೆ', 'ಒಂಬತ್ತು ವರ್ಷದ ಹಿಂದೆ'. ಎಲ್ಲಕ್ಕಿಂತ ಮೇಲಿನದರ ಮುಂದೆ 'ಎರಡು ದಿನದ ಹಿಂದೆ' ಅಂತಿತ್ತು! ತೆರೆದು ನೋಡಿದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯದಿದ್ದರೆ ಸೊನೆ ಸೋರಿ ಪರಿಮಳ ಹೋಗುತ್ತದೆ ಅಂತ ಅತ್ತೆ ಬೈದದ್ದು, ಜೀರಿಗೆ ವಾಸನೆಯ ಮಿಡಿ ಕೊಡುತ್ತಿದ್ದ ಹೊಳೆದಂಡೆಯ ಮರ ಉರುಳಿಬಿದ್ದದ್ದು, ಉಪ್ಪಿನಲ್ಲಿ ಮಿಡಿ ಚಿರುಟುವವರೆಗೆ ದಿನಾ ಭರಣಿ ಕುಲುಕುವುದು. ಓದಿ ಮುಗಿಸಿದಾಗ ಬಾಯಲ್ಲಿ ನೀರು, ಕಣ್ಣಲ್ಲೂ ಸ್ವಲ್ಪ. ಒಂದೂ ಕಾಮೆಂಟ್ ಇರಲಿಲ್ಲ.

ಗೂಗಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇದು ಯಾಕೆ ಸಿಗುವುದಿಲ್ಲ ಅನ್ನುತ್ತೀರಾ? ನಿಮ್ಮ ಕಡೆಯ ಅಡಿಕೆ ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 'ಅಡಿಕೆ ಕೊಳೆ ರೋಗ' ಅಂತ ಹುಡುಕಿ. ಮೊದಲು ಸಿಗುವುದೆಲ್ಲ ಒಂದೇ ಪಾಠ: ಶೇಕಡಾ 1ರ ಬೋರ್ಡೋ ದ್ರಾವಣ, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತಪ್ಪಿಲ್ಲ. ಆದರೆ ಹತ್ತು ಪುಟದಲ್ಲಿ ಹತ್ತೂ ಅದೇ, ಒಬ್ಬರದನ್ನು ಇನ್ನೊಬ್ಬರು ಇಳಿಸಿಕೊಂಡ ಹಾಗೆ. ಈಗಂತೂ ಯಂತ್ರವೇ ಬರೆದುಕೊಡುತ್ತದೆ. ತೋಟದವರು ಬರೆದದ್ದು ಬೇರೆ ಥರ ಇರುತ್ತದೆ. ಸುಣ್ಣ ಬೆರೆಸಿದ ಮೇಲೆ ಕತ್ತಿ ಅದ್ದಿ ನೋಡಿದೆ, ಅಲಗು ಕೆಂಪಾಯಿತು, ಸುಣ್ಣ ಹಳೆಯದು, ಸಾಲಲಿಲ್ಲ ಅಂತ ಬರೆದಿರುತ್ತಾರೆ. ಮರ ಹತ್ತುವ ಕೊನೆಗಾರ ಬರುತ್ತೇನೆಂದವನು ಬರಲಿಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು ಅಂತ ಇರುತ್ತದೆ. ದೋಟಿ (ಉದ್ದನೆಯ ಕೋಲು) ತಂದು ತಾವೇ ಕಲಿತದ್ದು, ಮೊದಲ ದಿನ ಕುತ್ತಿಗೆ ಹಿಡಿದುಕೊಂಡದ್ದು ಇರುತ್ತದೆ. ಆದ್ದರಿಂದ ಹುಡುಕುವಾಗ ರೋಗದ ಹೆಸರು ಹಾಕಬೇಡಿ. 'ಕೊಳೆ ಔಷಧಿ', 'ಕೊನೆಗಾರ ಸಿಗಲಿಲ್ಲ' ಎಂದು ಹಾಕಿ. ನೀವು ಮನೆಯಲ್ಲಿ ಆಡುವ ಮಾತನ್ನೇ, ಉದ್ಧರಣ ಚಿಹ್ನೆಯ ಒಳಗೆ. ಜೊತೆಗೆ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ, ಸೈಟ್ ಅಂತ ಬರೆದು ಎರಡು ಚುಕ್ಕಿ ಇಟ್ಟು ಬ್ಲಾಗ್‌ಸ್ಪಾಟ್ ಡಾಟ್ ಕಾಮ್ (site:blogspot.com) ಎಂದು ಸೇರಿಸಿ. ಆಗ ಬ್ಲಾಗ್‌ಸ್ಪಾಟಿನ ಬ್ಲಾಗುಗಳಲ್ಲಿ ಮಾತ್ರ ಹುಡುಕುತ್ತದೆ. ಕಾಲವನ್ನು 'ಕಳೆದ ಒಂದು ವರ್ಷ' ಅಂತ ಆರಿಸಿಕೊಂಡರೆ ಹಳೆಯದು ಬಿಟ್ಟುಹೋಗಿ ಈಗ ಬರೆಯುತ್ತಿರುವವರು ಸಿಗುತ್ತಾರೆ.

ಕೆಲವು ಹಳೆಯ ಕನ್ನಡ ಪುಟಗಳು ಹೀಗೆ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಎಲ್ಲರಿಗೂ ತಲುಪುವ ಮೊದಲು ಕನ್ನಡವನ್ನು ಬೇರೆಬೇರೆ ಫಾಂಟುಗಳಲ್ಲಿ ಬರೆಯುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ಪುಟ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕುವ ಯಂತ್ರಕ್ಕೂ ಅದು ಕನ್ನಡ ಅಂತ ತಿಳಿಯುವುದಿಲ್ಲ.

ಇನ್ನು ಯಾರಿಂದ ಶುರು ಮಾಡಲಿ ಅಂದರೆ, ಎಲ್ಲರಿಗೂ ಗೊತ್ತಿರುವ ಎರಡು ಹೆಸರು ಹೇಳುತ್ತೇನೆ. ಮಂಗಳೂರಿನ ಜಿ. ಎನ್. ಅಶೋಕವರ್ಧನ ಅವರು 1975ರಿಂದ ಅತ್ರಿ ಬುಕ್ ಸೆಂಟರ್ ನಡೆಸಿದವರು. 2012ರಲ್ಲಿ ಅಂಗಡಿ ಮುಚ್ಚಿದರು. ಅವರ ಜಾಲತಾಣದಲ್ಲಿ ಬೆಟ್ಟ ಹತ್ತಿದ್ದು, ಸೈಕಲ್ ತುಳಿದದ್ದು, ಯಕ್ಷಗಾನ ನೋಡಿದ್ದು, ಪುಸ್ತಕ ಮಾರಿದ್ದು, ಎಲ್ಲ ಇದೆ. ಒಬ್ಬ ಮನುಷ್ಯನ ಆಸಕ್ತಿ ಎಷ್ಟು ಕಡೆ ಹರಿಯಬಹುದು ಅಂತ ನೋಡಬೇಕಾದರೆ ಅಲ್ಲಿಗೆ ಹೋಗಿ. ವಿಜ್ಞಾನದ ಕಡೆ ಒಲವಿದ್ದರೆ ಟಿ. ಜಿ. ಶ್ರೀನಿಧಿ ಅವರ 'ಇಜ್ಞಾನ' ಜಾಲತಾಣ ಇದೆ. ಉಳಿದ ಹೆಸರು ಬೇಕೆಂದೇ ಕೊಡುತ್ತಿಲ್ಲ. ಅಪ್ಪೆಮಿಡಿಯ ಲೇಖಕಿಯನ್ನು ಕೇಳದೆ ಅವರ ಮನೆ ಬಾಗಿಲಿಗೆ ಸಾವಿರಾರು ಜನರನ್ನು ಕಳಿಸುವುದು ಸರಿಯಲ್ಲ ಅಲ್ವಾ? ಕೇಳಿ ಬರೆದಿದ್ದೇನೆ, ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ವಿಳಾಸ ಹಾಕುತ್ತೇನೆ.

ಇಂಗ್ಲಿಷ್ ಓದುವ ಅಭ್ಯಾಸವಿದ್ದರೆ ಕೆಲಸ ಇನ್ನೂ ಸುಲಭ. ಇಂಗ್ಲೆಂಡಿನ ಫಿಲ್ ಗೈಫರ್ಡ್ ಎಂಬವರು 2022ರಲ್ಲಿ 'ಊಹ್ ಡೈರೆಕ್ಟರಿ' ಅಂತ ಬ್ಲಾಗುಗಳ ಒಂದು ದೊಡ್ಡ ಪಟ್ಟಿ ಶುರು ಮಾಡಿದರು. ಹಕ್ಕಿ, ರೈಲು, ಅಡುಗೆ, ಗಣಿತ ಎಂದು ವಿಷಯವಾರು ಜೋಡಿಸಿ, ಯಾವುದರಲ್ಲಿ ಹೊಸದು ಬಂದಿದೆ ಅಂತಲೂ ತೋರಿಸುತ್ತಾರೆ. ಮರುವರ್ಷ ಕಾಗಿ ಎಂಬ ಹುಡುಕು ಕಂಪನಿ 'ಸ್ಮಾಲ್ ವೆಬ್' ತಂದಿತು. ಗುಂಡಿ ಒತ್ತಿದಾಗಲೆಲ್ಲ ಯಾರೋ ಒಬ್ಬರ ಸ್ವಂತ ತಾಣದ ಇತ್ತೀಚಿನ ಬರಹ ಮುಂದೆ ಬರುತ್ತದೆ. ನಮ್ಮ ಕನ್ನಡಕ್ಕೆ ವಿಷಯವಾರು ಹೀಗೊಂದು ಪಟ್ಟಿ ಬೇಕು ಅಂತ ನನಗೆ ತುಂಬಾ ಆಸೆ. ಕಾಲೇಜಿನ ನಾಲ್ಕು ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಕೂತರೆ ಶುರು ಮಾಡಬಹುದಾದ ಕೆಲಸ ಅದು. ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸಾದರೆ ನಮ್ಮ ಕಚೇರಿಗೆ ಬರೆಯಿರಿ, ನನ್ನ ಪಟ್ಟಿ ಕೊಡುತ್ತೇನೆ.

ಮೇಷ್ಟ್ರೇ, ನಿಮ್ಮಲ್ಲಿ ಒಂದು ಕೇಳಿಕೆ ಇದೆ. ಓದಿ ಇಷ್ಟವಾದರೆ ಬರೆದವರಿಗೆ ಎರಡು ಸಾಲು ಬರೆಯಿರಿ. 'ಚೆನ್ನಾಗಿದೆ' ಅಂತಲ್ಲ, ಯಾವ ಸಾಲು ಯಾಕೆ ಹಿಡಿಸಿತು ಅಂತ. ನಾನು ಅಪ್ಪೆಮಿಡಿಯ ಬರಹಕ್ಕೆ, 'ನಮ್ಮ ಅಜ್ಜಿಯೂ ಭರಣಿ ಕುಲುಕುವಾಗ ಯಾರನ್ನೂ ಮಾತಾಡಿಸುತ್ತಿರಲಿಲ್ಲ' ಎಂದಷ್ಟೇ ಬರೆದೆ. ಮಾರನೆಯ ದಿನವೇ ಉತ್ತರ ಬಂತು. ಮೂರು ವರ್ಷದಲ್ಲಿ ಬಂದ ಮೊದಲ ಕಾಮೆಂಟ್ ಅಂತೆ. ಆ ವಾರ ಅವರು ಎರಡು ಬರಹ ಹಾಕಿದರು.

ನಮ್ಮ ಪತ್ರಿಕೆಯೂ ಕೈ ಕಟ್ಟಿ ಕೂರುವುದಿಲ್ಲ. ಬರುವ ತಿಂಗಳಿಂದ ಕೊನೆಯ ಪುಟದಲ್ಲಿ ಅರ್ಧ ಕಾಲಂ ಇದಕ್ಕೇ ಮೀಸಲು. ಓದುಗರು ಕಂಡ ಬ್ಲಾಗು, ಅದರಲ್ಲಿ ಏನಿದೆ, ಯಾಕೆ ಓದಬೇಕು ಅಂತ ನೂರು ಪದದಲ್ಲಿ. ಬರೆದವರ ಒಪ್ಪಿಗೆ ಕೇಳಿಯೇ ಹಾಕುತ್ತೇವೆ. ಬ್ಲಾಗಿನ ಬರಹವನ್ನು ಹೇಳದೆ ಕೇಳದೆ ಎತ್ತಿ ಅಚ್ಚು ಹಾಕಿದ್ದರಿಂದ ನೊಂದು, ಬರೆಯುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ನಿಮ್ಮ ಸಂಡಿಗೆಯ ಬರಹವನ್ನು ಎರಡು ಸಂಜೆ ಹುಡುಕಿದೆ, ಇನ್ನೂ ಸಿಕ್ಕಿಲ್ಲ. ಅದು ಅಳಿಸಿಹೋಗಿದ್ದರೂ ಆಸೆ ಬಿಡಬೇಡಿ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ. ಹಳೆಯ ವಿಳಾಸ ಗೊತ್ತಿದ್ದರೆ ಅವರ 'ವೇಬ್ಯಾಕ್ ಮಷೀನ್'ನಲ್ಲಿ ಸಿಕ್ಕರೂ ಸಿಗಬಹುದು. ಮಗನ ಹಳೆಯ ಕಂಪ್ಯೂಟರ್ ಇನ್ನೂ ಇದ್ದರೆ ಅದರ ಬುಕ್‌ಮಾರ್ಕುಗಳನ್ನು ನೋಡಲು ಹೇಳಿ. ಅದೂ ಇಲ್ಲವಾದರೆ, ಯಾವ ಊರು, ಯಾವ ಸಂಡಿಗೆ, ಒಣಗಿಸಿದ್ದು ಕಿಟಕಿಯ ಹತ್ತಿರವೋ ಹೀಟರಿನ ಮೇಲೋ, ನೆನಪಿದ್ದಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮತ್ತೆ ಹುಡುಕುತ್ತೇನೆ.