ಹಾಯಿದೋಣಿಯಲ್ಲಿ ಮಾರ್ಗದರ್ಶಿಯ ಕೆಲಸ

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ದ್ವೀಪಗಳನ್ನು ಸುತ್ತಿಸುವ ಹಾಯಿದೋಣಿ ಪ್ರವಾಸದಲ್ಲಿ ಮಾರ್ಗದರ್ಶಿಯ ಕೆಲಸ ಸಿಗುವಂತಿದೆ. ನನಗೆ ಈಜು ಬರುತ್ತದೆ, ದೋಣಿ ನಡೆಸಿದ ಅನುಭವವಿಲ್ಲ. ಒಪ್ಪಿಕೊಳ್ಳಬಹುದೇ?

ಉತ್ತರ: ಒಪ್ಪಿಕೊಳ್ಳಬಹುದು. ಆದರೆ ದೋಣಿಯ ಹೊಣೆ ಹೊರುವ ಅರ್ಹ ನಾವಿಕರು ಬೇರೆಯಾಗಿ ಇದ್ದಾರೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ದರ ಕಡಿಮೆಯಿರುವಲ್ಲಿ ಸಿಬ್ಬಂದಿಯೂ ಕಡಿಮೆಯಿರುವುದರಿಂದ, ದ್ವೀಪಗಳ ವಿಷಯ ಹೇಳುವ ಮಾರ್ಗದರ್ಶಿಯೇ ಅಡುಗೆಗೆ ಕೈಜೋಡಿಸಿ, ಲಂಗರು ಇಳಿಸಿ, ಹಾಯಿಯ ಹಗ್ಗವನ್ನೂ ಎಳೆಯಬೇಕಾಗುತ್ತದೆ. ಟ್ಯಾಂಕಿನ ಸಿಹಿನೀರು ಮುಂದಿನ ಬಂದರಿನವರೆಗೆ ಸಾಲಬೇಕಾದ್ದರಿಂದ, ಪಾತ್ರೆಗಳನ್ನು ಶುದ್ಧವಾದ ಸಮುದ್ರದ ನೀರಿನಲ್ಲಿ ತೊಳೆದು ಕೊನೆಯಲ್ಲಷ್ಟೇ ಸ್ವಲ್ಪ ಸಿಹಿನೀರಿನಲ್ಲಿ ಜಾಲಾಡುವ ಕ್ರಮವನ್ನು ಪ್ರವಾಸಿಗರಿಗೆ ಮೊದಲ ದಿನವೇ, ಬೇಸರವಾಗದಂತೆ, ನೀವು ಕಲಿಸಬೇಕು. ನನ್ನ ದೃಷ್ಟಿಯಲ್ಲಿ ಈ ಕೆಲಸದ ನಿಜವಾದ ಪರೀಕ್ಷೆ ಇಂಥ ಮಾತುಗಳಲ್ಲಿಯೇ ಇದೆ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಕಣ್ಣು ಕದಲಿಸದೆ ಅವರತ್ತ ಬೆರಳು ತೋರುತ್ತಲೇ ಇರಬೇಕು, ಏಕೆಂದರೆ ಅಲೆಗಳ ನಡುವೆ ತಲೆಯೊಂದು ಕ್ಷಣದಲ್ಲಿ ಮರೆಯಾಗುತ್ತದೆ. ದೋಣಿಗಳು ಸಂಪರ್ಕಕ್ಕೆ ಬಳಸುವ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್‌ನಲ್ಲಿ ಅಪಾಯದ ಕರೆ ಮಾಡುವುದನ್ನು ಹೊರಡುವ ಮೊದಲೇ ಕಲಿತುಕೊಳ್ಳಿ. ದೋಣಿಯ ಓಲಾಟದಿಂದ ವಾಕರಿಕೆ, ತಲೆಸುತ್ತು ಕಾಡಿದವರನ್ನು ಒಳಕೋಣೆಯಲ್ಲಿ ಮಲಗಿಸುವುದಕ್ಕಿಂತ ಮೇಲ್ಗಡೆ ಕೂರಿಸಿ ದಿಗಂತದತ್ತ ನೋಡಲು ಹೇಳುವುದು ಮೇಲು. ಸಂಬಳ, ವಿಮೆ, ವಿಶ್ರಾಂತಿಯ ವೇಳೆಗಳನ್ನು ಬರವಣಿಗೆಯಲ್ಲಿಯೇ ಪಡೆಯಿರಿ.